ಹೋದ ಕರೆಂಟ್ ಹೊಳ್ಳಿ ಬರಬೇಕಲ್ಲ: ಹಳೇ ಜೀಪಿನ ದೀಪಗಳ ಚರಿತ್ರೆ

ಈ ಸಲದ ಸಂಚಿಕೆಯಲ್ಲಿ ಕೋಟೆ ಇಲ್ಲ, ಶಾಸನ ಇಲ್ಲ, ದೇಸಾಯಿ ಮನೆತನಗಳ ಜಗಳವೂ ಇಲ್ಲ. ಜೀಪ್ ಇದೆ. ಅದೂ ಇಡೀ ಜೀಪ್ ಅಲ್ಲ, ಅದರ ದೀಪಗಳು ಮಾತ್ರ. ಹಳೇ ಜೀಪಿನ ಹೆಡ್‌ಲೈಟ್ ಯಾಕೆ ಮಂಕಾಗಿ ಉರಿಯುತ್ತೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಯಾಕೆ ಮಿಣುಕುತ್ತೆ, ಹೊಸ ಬಲ್ಬ್ ಹಾಕಿದ ವಾರಕ್ಕೇ ಯಾಕೆ ಸುಟ್ಟು ಹೋಗುತ್ತೆ? ಇವು ಮಿಸ್ತ್ರಿಗಳು ಉತ್ತರಿಸಬೇಕಾದ ಪ್ರಶ್ನೆಗಳು ಅಂತ ನಿಮಗೆ ಅನ್ನಿಸಬಹುದು. ನಾನು ಬಿಕಾಂ ಓದಿದವನು, ಪಾನಾ ಹಿಡಿಯೋದಕ್ಕಿಂತ ಲೆಡ್ಜರ್ ಹಿಡಿದಿದ್ದೇ ಹೆಚ್ಚು. ಆದರೂ ಹೇಳ್ತೀನಿ: ಹಳೇ ಜೀಪಿನ ವಾಯರಿಂಗ್ ಬಿಚ್ಚಿದರೆ ಒಳಗೆ ಪದರ ಪದರವಾಗಿ ಚರಿತ್ರೆ ಸಿಗುತ್ತೆ. ಎರಡನೇ ಮಹಾಯುದ್ಧದ ಪದರ ಒಂದು, ಮುಂಬೈ ಕಾರ್ಖಾನೆಯದು ಇನ್ನೊಂದು, ನಮ್ಮ ಚಿಕ್ಕೋಡಿ-ಅಥಣಿ ರಸ್ತೆಯದು ಮೇಲಿನ ಪದರ. ಯಾವ ದೋಷ ಯಾವ ಪದರದ್ದು ಅಂತ ಗೊತ್ತಾದರೆ ಅರ್ಧ ರಿಪೇರಿ ಆದಂಗೇ.

ಇದನ್ನ ಈಗ ಯಾಕೆ ಹೇಳ್ತಿದೀನಿ ಅಂದ್ರೆ, ಕಬ್ಬಿನ ಹಂಗಾಮ ಬಂತು. ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1939ರಲ್ಲಿ. ಅಲ್ಲಿಂದ ಇಲ್ಲಿಗೆ ಕೃಷ್ಣಾ ದಂಡೆಯ ಎರಡೂ ಕಡೆ, ದೂಧಗಂಗಾ-ವೇದಗಂಗಾ ಬಯಲಲ್ಲಿ, ಎಷ್ಟು ಕಾರ್ಖಾನೆ ಆದವು ಅಂತ ನಿಮಗೇ ಗೊತ್ತು. ಹಂಗಾಮದಲ್ಲಿ ಈ ಐದು ತಾಲೂಕುಗಳ ರಸ್ತೆ ರಾತ್ರಿ ಮಲಗೋದೇ ಇಲ್ಲ. ಡಬಲ್ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಚಕ್ಕಡಿ, ಅವುಗಳ ನಡುವೆ ನಮ್ಮ ಹಳೇ ಜೀಪ್. ಈ ರಸ್ತೆಯಲ್ಲಿ ಮುಂದಿನ ದೀಪ ನಮಗೆ ಬೇಕು, ಹಿಂದಿನ ದೀಪ ನಮ್ಮ ಬೆನ್ನ ಹಿಂದೆ ಬರೋರಿಗೆ ಬೇಕು. ಹಿಂದಿನ ದೀಪದ ಕಥೆಗೆ ಕೊನೆಗೆ ಬರ್ತೀನಿ. ಅದು ಎಲ್ಲಕ್ಕಿಂತ ಮೋಸದ್ದು.

ಮೊದಲು ಯುದ್ಧ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ, ನಾಲ್ಕೂ ಗಾಲಿ ಎಳೆಯೋ ಗಾಡಿ ಬೇಕು ಅಂತ ಕೇಳಿತು. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಮೊದಲ ಮಾದರಿ ಮಾಡಿ ಕೊಟ್ಟಿತು. ಆದರೆ ಲಕ್ಷಗಟ್ಟಲೆ ಮಾಡೋ ಕೆಲಸ ಹೋಗಿದ್ದು ವಿಲ್ಲಿಸ್ ಮತ್ತು ಫೋರ್ಡ್‌ಗೆ. ಯುದ್ಧ ಮುಗಿಯೋ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದ್ದರು.

ಆ ಜೀಪಿನ ದೀಪಗಳನ್ನ ಬೆಳಕು ಕೊಡೋದಕ್ಕೆ ಎಷ್ಟು ಯೋಚಿಸಿ ಮಾಡಿದ್ದರೋ, ಬೆಳಕು ಅಡಗಿಸೋದಕ್ಕೂ ಅಷ್ಟೇ ಯೋಚಿಸಿ ಮಾಡಿದ್ದರು. ಮೇಲಿಂದ ವಿಮಾನ ನೋಡಬಾರದಲ್ಲ. ಹಂಗಾಗಿ ಲೈಟಿನ ಗುಂಡಿ ಎಳೆದರೆ ಮೊದಲು ಹತ್ತುತ್ತಿದ್ದದ್ದು ಬೆಕ್ಕಿನ ಕಣ್ಣಿನಂಥ ಸಣ್ಣ ದೀಪ. ಪೂರ್ತಿ ಹೆಡ್‌ಲೈಟ್ ಬೇಕಂದ್ರೆ ಪಕ್ಕದ ತಡೆಯನ್ನು ಒತ್ತಿ ಮತ್ತೆ ಎಳೆಯಬೇಕು. ಕತ್ತಲಲ್ಲಿ ಸೈನಿಕ ಗಡಿಬಿಡಿಯಲ್ಲಿ ಪೂರ್ತಿ ದೀಪ ಹಚ್ಚಿ ಇಡೀ ದಂಡನ್ನೇ ತೋರಿಸಿಬಿಡಬಾರದು ಅಂತ. ಹೆಡ್‌ಲೈಟನ್ನ ಕೀಲಿನ ಮೇಲೆ ಕೂರಿಸಿದ್ದರು. ಬಾನೆಟ್ ಎತ್ತಿ, ಚಿಟ್ಟೆ ನಟ್ ಸಡಿಲಿಸಿ, ದೀಪವನ್ನ ಹಿಂದಕ್ಕೆ ಹೊಳ್ಳಿಸಿದರೆ ಅದೇ ಹೆಡ್‌ಲೈಟ್ ಎಂಜಿನ್ ಮೇಲೆ ಬೆಳಕು ಬಿಡ್ತಿತ್ತು. ರಾತ್ರಿ ರಿಪೇರಿಗೆ ಬೇರೆ ಬ್ಯಾಟರಿ ಹಿಡಿಯೋದೇ ಬೇಡ. ಇದಕ್ಕಿಂತ ಬುದ್ಧಿವಂತಿಕೆಯ ದೀಪ ಆಮೇಲಿನ ಯಾವ ಗಾಡಿಯಲ್ಲೂ ನನಗೆ ಕಂಡಿಲ್ಲ.

ಹಿಂದಿನ ದೀಪ ಇನ್ನೂ ಸ್ವಾರಸ್ಯದ್ದು. ಕತ್ತಲ ಪ್ರಯಾಣಕ್ಕೆ ಇಟ್ಟಿದ್ದ ಕೆಂಪು ದೀಪವನ್ನ ಸಣ್ಣ ಸಣ್ಣ ಕಿಂಡಿಗಳಾಗಿ ಒಡೆದಿದ್ದರು. ದೂರದಿಂದ ಅವೆಲ್ಲ ಕೂಡಿ ಒಂದೇ ಚುಕ್ಕಿ ಆಗಿ ಕಾಣೋದು, ಹತ್ತಿರ ಬಂದಷ್ಟು ಒಡೆದು ಬೇರೆ ಬೇರೆ ಚುಕ್ಕಿ ಆಗೋದು. ಹಿಂದಿನ ಗಾಡಿಯ ಡ್ರೈವರ್ ಚುಕ್ಕಿ ಎಣಿಸಿ ಅಂತರ ಕಾಯ್ದುಕೊಳ್ಳಬೇಕು. ಹಿಂದಿನ ದೀಪ ಅಂದ್ರೆ ಅಲಂಕಾರ ಅಲ್ಲ, ಬೆನ್ನ ಹಿಂದಿನವನಿಗೆ ಹೇಳೋ ಮಾತು ಅನ್ನೋದು ಆ ವಿನ್ಯಾಸದಲ್ಲೇ ಇತ್ತು.

ಇನ್ನು ಈ ಜೀಪ್ ನಮ್ಮ ಕಡೆ ಬಂದ ಬಗೆ. 1945ರ ಅಕ್ಟೋಬರ್ 2ರಂದು ಲುಧಿಯಾನಾದಲ್ಲಿ ಮಹೀಂದ್ರಾ ಆಂಡ್ ಮೊಹಮ್ಮದ್ ಅನ್ನೋ ಉಕ್ಕಿನ ವ್ಯಾಪಾರದ ಕಂಪನಿ ಶುರುವಾಯ್ತು. ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಅಣ್ಣ-ತಮ್ಮ. ಮೊಹಮ್ಮದ್ ಅಂದ್ರೆ ಮಲಿಕ್ ಗುಲಾಮ್ ಮೊಹಮ್ಮದ್. ದೇಶ ವಿಭಜನೆ ಆದಾಗ ಅವರು ಆಚೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿ ಆದರು, ಮುಂದೆ ಗವರ್ನರ್ ಜನರಲ್ ಕೂಡ. ಇಲ್ಲಿ ಉಳಿದ ಕಂಪನಿ 1948ರಲ್ಲಿ ಹೆಸರು ಬದಲಿಸಿ ಮಹೀಂದ್ರಾ ಆಂಡ್ ಮಹೀಂದ್ರಾ ಆಯ್ತು. ಪಾಲುದಾರಿಕೆ ಮುರಿದಾಗ ಹೆಸರಿನ ಬೋರ್ಡಿಗೆ ಎಷ್ಟು ಅಕ್ಷರ ಬದಲಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಮ್ಮ ಕಾಮರ್ಸ್ ಪುಸ್ತಕದಲ್ಲೂ ಇರಲಿಲ್ಲ.

1947ರ ಅಕ್ಟೋಬರ್‌ನಲ್ಲಿ 75 ಜೀಪ್‌ಗಳು ಬಿಡಿ ಭಾಗಗಳಾಗಿ ಅಮೆರಿಕದಿಂದ ಬಂದವು. ಆಮೇಲೆ ಮುಂಬೈನ ಮಜಗಾಂವದಲ್ಲಿ ಜೋಡಣೆ ಘಟಕ ನಿಂತಿತು. 1954ರಿಂದ ಹಂತ ಹಂತವಾಗಿ ಭಾಗಗಳನ್ನ ಇಲ್ಲೇ ಮಾಡೋ ಕೆಲಸ ಶುರುವಾಯ್ತು. ಇದರ ಜೊತೆಗೇ ಇನ್ನೊಂದು ದಾರಿಯಿಂದ ಜೀಪ್ ಬರ್ತಿತ್ತು: ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟು ಹೋದ, ಹರಾಜಿಗೆ ಬಂದ ಗಾಡಿಗಳು. ಹಳಬರು ಅವಕ್ಕೆ ಡಿಸ್ಪೋಜಲ್ ಜೀಪ್ ಅಂತಿದ್ದರು.

ಆವಾಗ ನಮ್ಮ ಈ ಭಾಗ ಯಾರ ಕೈಲಿತ್ತು ನೋಡ್ರಿ. ಚಿಕ್ಕೋಡಿ, ಅಥಣಿ ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಯಲ್ಲಿದ್ದವು. ನಿಪ್ಪಾಣಿ ಚಿಕ್ಕೋಡಿಯೊಳಗೆ, ಕಾಗವಾಡ ಅಥಣಿಯೊಳಗೆ. ಅವೆರಡೂ ಸ್ವಂತ ತಾಲೂಕು ಆಗಿದ್ದು ಈಚೆಗೆ. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, 1949ರಲ್ಲಿ ಸಂಸ್ಥಾನ ವಿಲೀನ ಆದ ಮೇಲೆ ಮುಂಬೈ ರಾಜ್ಯಕ್ಕೆ ಬಂತು. 1956ರ ನವೆಂಬರ್ 1ರ ತನಕ ನಮ್ಮ ಊರುಗಳಿಗೆ ಸರ್ಕಾರ ಅಂದ್ರೆ ಮುಂಬೈ. ಸರ್ಕಾರಿ ಕಡತವೂ ಮುಂಬೈದು, ಜೀಪೂ ಮುಂಬೈದು. ರಾಜ್ಯ ಬದಲಾದ ಮೇಲೂ ರಿಪೇರಿಯ ನಂಟು ಮಾತ್ರ ಬದಲಾಗಲಿಲ್ಲ. ಸಾಮಾನು ಬೇಕಾದ್ರೆ ಇವತ್ತಿಗೂ ನಿಪ್ಪಾಣಿಯವರು ಕೊಲ್ಹಾಪುರದ ಉದ್ಯಮನಗರದ ಕಡೆ ಮುಖ ಮಾಡ್ತಾರೆ, ಕಾಗವಾಡದವರು ಮಿರಜ್ ಕಡೆ. ಬೆಂಗಳೂರು ನಮಗೆ ಬಿಡಿ ಭಾಗದ ಊರು ಯಾವತ್ತೂ ಅಲ್ಲ.

ಹಳ್ಳಿಗಳಿಗೆ ಜೀಪ್ ಪರಿಚಯ ಆಗಿದ್ದು ಮುಖ್ಯವಾಗಿ ಸರ್ಕಾರದಿಂದ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯ್ತಲ್ಲ, ಆವಾಗಿಂದ ಬ್ಲಾಕ್ ಆಫೀಸರ್ ಅಂದ್ರೆ ಜೀಪು, ಜೀಪು ಅಂದ್ರೆ ಬ್ಲಾಕ್ ಆಫೀಸರ್. ಆಮೇಲೆ ಪೊಲೀಸ್, ಅರಣ್ಯ, ನೀರಾವರಿ ಇಲಾಖೆ. ಆ ಗಾಡಿಗಳು ಮುದಿಯಾಗಿ ಹರಾಜಿಗೆ ಬಂದಾಗ ನಮ್ಮ ರೈತರು, ವ್ಯಾಪಾರಿಗಳು ಕೊಂಡರು.

ಈಗ ದೀಪದ ಲೆಕ್ಕಕ್ಕೆ ಬರೋಣ.

ಯುದ್ಧದ ಜೀಪಿನ ಬ್ಯಾಟರಿ 6 ವೋಲ್ಟಿನದು. ಆಮೇಲೆ ಬಂದ ನಾಗರಿಕ ಜೀಪುಗಳೂ ಮೊದಮೊದಲು 6 ವೋಲ್ಟಿನವೇ, 1950ರ ದಶಕದಲ್ಲಿ 12 ವೋಲ್ಟಿಗೆ ಹೊಳ್ಳಿದವು. ಇದರಲ್ಲೇನು ದೊಡ್ಡ ಮಾತು ಅನ್ನಬೇಡಿ. 45 ವ್ಯಾಟಿನ ಒಂದು ಹೆಡ್‌ಲೈಟ್ 6 ವೋಲ್ಟಿನಲ್ಲಿ ಏಳೂವರೆ ಆಂಪಿಯರ್ ಎಳೆಯುತ್ತೆ, ಎರಡು ಸೇರಿದರೆ 15. ದಾರಿಯಲ್ಲಿ ಎಲ್ಲೋ ಸವೆದ ಸ್ವಿಚ್ಚು, ಸಡಿಲ ಸ್ಕ್ರೂ ಸೇರಿ ಬರೀ 0.1 ಓಮ್ ತಡೆ ಇದೆ ಅಂದುಕೊಳ್ಳಿ. 15ಕ್ಕೆ 0.1 ಗುಣಿಸಿದರೆ ಒಂದೂವರೆ ವೋಲ್ಟ್. ಅಂದ್ರೆ 6ರಲ್ಲಿ ಕಾಲು ಭಾಗ ದಾರಿಯಲ್ಲೇ ಹೋಯ್ತು. ಅದೇ ದೀಪ 12 ವೋಲ್ಟಿನದಾದರೆ ಎರಡೂ ಸೇರಿ ಏಳೂವರೆ ಆಂಪಿಯರ್, ದಾರಿಯಲ್ಲಿ ಹೋಗೋದು 0.75 ವೋಲ್ಟ್, 12ರಲ್ಲಿ ಹದಿನಾರನೇ ಒಂದು ಭಾಗ. ಹಳೇ ವಾಯರ್ ಅದೇ, ಹಳೇ ಸ್ವಿಚ್ಚು ಅದೇ, ಹಾನಿ ಮಾತ್ರ ಕಡಿಮೆ.

ನಿಪ್ಪಾಣಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆ ಕೂತಿದ್ದು ದರಕ್ಕಾಗಿ. ಹೊಲದಿಂದ ಹೊರಟ ಬೆಲೆಗೂ ರೈತನ ಕೈಗೆ ಬರೋ ದುಡ್ಡಿಗೂ ನಡುವೆ ಎಷ್ಟು ಕೈ ಇರ್ತವೆ ಅನ್ನೋದು ಆ ತಲೆಮಾರಿಗೆ ಬಾಯಿಪಾಠ. ವಾಯರಿಂಗ್‌ನಲ್ಲೂ ಹಂಗೇ. ಪ್ರತಿ ಜಾಯಿಂಟ್ ಒಬ್ಬ ದಲಾಲಿ. ಬಿಗಿಯಾಗಿ, ಸ್ವಚ್ಛವಾಗಿ ಇದ್ದರೆ ಏನೂ ತಗೊಳ್ಳೋದಿಲ್ಲ. ಹಸಿರು ಪಾಚಿ ಕಟ್ಟಿದರೆ ತನ್ನ ಪಾಲು ಕಿತ್ತುಕೊಂಡೇ ಮುಂದಕ್ಕೆ ಬಿಡ್ತಾನೆ. ಬಲ್ಬ್ ಬೇರೆ ಸೂಕ್ಷ್ಮ ಪ್ರಾಣಿ. ವೋಲ್ಟೇಜ್ ಹತ್ತನೇ ಒಂದು ಭಾಗ ಇಳಿದರೆ ಬೆಳಕು ಸುಮಾರು 30 ಪ್ರತಿಶತ ಇಳಿಯುತ್ತೆ. 12ರ ಬದಲು 10 ವೋಲ್ಟ್ ತಲುಪಿದರೆ ಬೆಳಕು ಹತ್ತಿರ ಹತ್ತಿರ ಅರ್ಧ. ಬ್ಯಾಟರಿ ಚೆನ್ನಾಗಿದೆ, ಬಲ್ಬ್ ಹೊಸದು, ಆದ್ರೂ ಮಂಕು ಅನ್ನೋ ದೂರಿನ ಬಹುಪಾಲು ಉತ್ತರ ಇದರಲ್ಲೇ ಐತಿ.

ಎಲ್ಲಿ ಹೋಗ್ತಿದೆ ಅಂತ ಹುಡುಕುವಾಗ ಹೆಚ್ಚಿನವರು ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿಗೆ ಹೋಗೋ ವಾಯರನ್ನೇ ನೋಡ್ತಾರೆ. ಹೋಗೋ ದಾರಿ ನೋಡ್ತಾರೆ, ಬರೋ ದಾರಿ ನೋಡೋದಿಲ್ಲ. ನಮಗೆ ಪಿಯುಸಿಯಲ್ಲಿ ಮೊದಲು ಕಲಿಸೋದೇ ಡಬಲ್ ಎಂಟ್ರಿ: ಒಂದು ಕಡೆ ಖರ್ಚು ಬರೆದರೆ ಇನ್ನೊಂದು ಕಡೆ ಜಮಾ ಇರಲೇಬೇಕು, ಇಲ್ಲಾಂದ್ರೆ ಟ್ರಯಲ್ ಬ್ಯಾಲನ್ಸ್ ಟ್ಯಾಲಿ ಆಗಲ್ಲ. ಕರೆಂಟ್ ಕೂಡ ಹಂಗೇ. ಪ್ಲಸ್‌ನಿಂದ ಹೋದದ್ದು ಮೈನಸ್‌ಗೆ ಹೊಳ್ಳಿ ಬರಲೇಬೇಕು. ಜೀಪಿನಲ್ಲಿ ಹೊಳ್ಳಿ ಬರೋದಕ್ಕೆ ಬೇರೆ ವಾಯರ್ ಇಟ್ಟಿಲ್ಲ. ಗಾಡಿಯ ಬಾಡಿ, ಚಾಸಿ, ಇವೇ ಆ ವಾಯರ್. ಇದಕ್ಕೇ ನಮ್ಮ ಮಿಸ್ತ್ರಿಗಳು ಬಾಡಿ ಅರ್ಥ್ ಅನ್ನೋದು. ತಾಮ್ರ ಉಳಿಸೋದಕ್ಕೆ ಜಗತ್ತಿನ ಎಲ್ಲ ಕಾರು-ಟ್ರಕ್ಕಿನವರೂ ಮಾಡಿದ ಉಪಾಯ ಇದು. ಗಾಡಿ ಹೊಸದಿದ್ದಾಗ ಏನೂ ತೊಂದರೆ ಇಲ್ಲ. ಮೂವತ್ತು-ನಲವತ್ತು ವರ್ಷ ಆದ ಮೇಲೆ ಆ ‘ವಾಯರ್’ ತುಕ್ಕು ಹಿಡಿದಿರುತ್ತೆ, ನಾಲ್ಕು ಸಲ ಬಣ್ಣ ಬಳಿಸಿಕೊಂಡಿರುತ್ತೆ. ಬಣ್ಣದ ಮೂಲಕ ಕರೆಂಟ್ ಹರಿಯೋದಿಲ್ಲ. ದೀಪದ ಕೆಳಗಿನ ಬೋಲ್ಟನ್ನ ಚಂದ ಕಾಣಲಿ ಅಂತ ಬಣ್ಣ ಬಳಿದು ಬಿಗಿದರೆ, ಬರೋ ದಾರಿಗೆ ನಾವೇ ಬೇಲಿ ಹಾಕಿದಂಗಾಯ್ತು.

ಪರೀಕ್ಷೆ ಸುಲಭ. ಒಂದು ಉದ್ದ ವಾಯರ್ ತಗೊಂಡು ಬ್ಯಾಟರಿಯ ಮೈನಸ್‌ನಿಂದ ನೇರವಾಗಿ, ಉರಿಯುತ್ತಿರೋ ದೀಪದ ಲೋಹದ ಮೈಗೆ ಮುಟ್ಟಿಸಿ. ಬೆಳಕು ಫಕ್ಕನೆ ಏರಿತಾ, ಅರ್ಥಿಂಗ್ ಕೆಟ್ಟಿದೆ ಅಂತಲೇ ಅರ್ಥ. ಮೀಟರ್ ಇದ್ದರೆ ದೀಪ ಹಚ್ಚಿಟ್ಟು, ಅದೇ ಎರಡು ಜಾಗದ ನಡುವೆ ವೋಲ್ಟ್ ನೋಡಿ. 0.2ಕ್ಕಿಂತ ಹೆಚ್ಚು ತೋರಿಸಬಾರದು. ದೀಪ ಆರಿಸಿ ನೋಡಿದರೆ ಏನೂ ಗೊತ್ತಾಗಲ್ಲ, ಕರೆಂಟ್ ಹರಿಯುವಾಗ ಮಾತ್ರ ದಲಾಲಿ ಕಾಣಿಸ್ಕೊಳ್ತಾನೆ.

ಕರೆಂಟ್ ತಯಾರಾಗೋ ಜಾಗದ ಕಥೆಯನ್ನ ಬೇಗ ಮುಗಿಸ್ತೀನಿ. ಹಳೇ ಜೀಪುಗಳಲ್ಲಿ ಇದ್ದದ್ದು ಡೈನಮೋ. ಎಂಜಿನ್ ಜೋರಾಗಿ ತಿರುಗಿದರೆ ಮಾತ್ರ ಅದು ಸರಿಯಾಗಿ ಚಾರ್ಜ್ ಕೊಡ್ತಿತ್ತು. ನಿಂತಲ್ಲಿ ದೀಪ ಕೆಂಪಗೆ, ಎಕ್ಸಲರೇಟರ್ ಒತ್ತಿದರೆ ಬೆಳ್ಳಗೆ. ಅದು ದೋಷ ಅಲ್ಲ, ಅದರ ಜಾಯಮಾನ. ಡೈನಮೋ ಪಕ್ಕದ ಡಬ್ಬಿಯಲ್ಲಿ ಕಟೌಟ್ ಇರುತ್ತೆ. ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟ್ ಡೈನಮೋಕ್ಕೆ ಹಿಂದಕ್ಕೆ ಹರಿಯದಂತೆ ಬಾಗಿಲು ಹಾಕೋದು ಅದರ ಕೆಲಸ. ಅದರ ಪಾಯಿಂಟ್ ಅಂಟಿಕೊಂಡರೆ ರಾತ್ರಿ ಬೆಳಗಾಗೋದರೊಳಗೆ ಬ್ಯಾಟರಿ ಖಾಲಿ. ಆಮೇಲೆ ಅಲ್ಟರ್ನೇಟರ್ ಬಂತು, ನಿಂತಲ್ಲೂ ಚಾರ್ಜ್ ಕೊಡ್ತು. ಅದರ ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ 15 ದಾಟಿದರೆ ಬಲ್ಬುಗಳು ಒಂದಾದ ಮೇಲೊಂದು ಸುಡ್ತವೆ. ವಾರಕ್ಕೊಂದು ಬಲ್ಬ್ ಹೋಗ್ತಿದ್ದರೆ ಬಲ್ಬ್ ಅಂಗಡಿಯವನನ್ನ ಬೈಯೋದು ಬಿಟ್ಟು ಅದನ್ನ ಅಳೆಸಿ ನೋಡ್ರಿ.

ಬ್ರಿಟನ್ನಿನ ಲೂಕಾಸ್ ಕಂಪನಿ ಅಲ್ಲಿನ ಬಹುತೇಕ ಗಾಡಿಗಳಿಗೆ ದೀಪ-ಡೈನಮೋ ಕೊಡ್ತಿತ್ತು. ಅಲ್ಲಿನ ಹಳೇ ಕಾರಿನ ಹುಚ್ಚರು ಅದರ ಸಂಸ್ಥಾಪಕ ಜೋಸೆಫ್ ಲೂಕಾಸ್‌ಗೆ ತಮಾಷೆಗೆ ಇಟ್ಟ ಬಿರುದು ‘ಕತ್ತಲ ರಾಜಕುಮಾರ’. ಅದೇ ಲೂಕಾಸ್ ಟಿವಿಎಸ್ ಜೊತೆ ಸೇರಿ 1961ರಲ್ಲಿ ಮದರಾಸಿನಲ್ಲಿ ಲೂಕಾಸ್-ಟಿವಿಎಸ್ ಮಾಡಿತು. ನಮ್ಮ ಕಡೆಯ ಬ್ಯಾಟರಿ-ವಾಯರಿಂಗ್ ಅಂಗಡಿಗಳ ಮೇಲೆ ಆ ಹೆಸರು ನೋಡಿಯೇ ಇರ್ತೀರಿ. ಬಿರುದು ತಮಾಷೆಯದು ಅಷ್ಟೇ. ಮಳೆ, ತುಕ್ಕು, ಸಡಿಲ ಸ್ಕ್ರೂಗಳ ಪಾಪವನ್ನೆಲ್ಲ ಒಂದೇ ಹೆಸರಿನ ಮೇಲೆ ಹೊರಿಸೋದು ಸುಲಭ ಅಂತ ನನಗನಿಸುತ್ತೆ.

ಇನ್ನು ಮೇಲಿನ ಪದರ, ನಮ್ಮದು. 1979ರಲ್ಲಿ ಮಹೀಂದ್ರಾ ಫ್ರಾನ್ಸಿನ ಪ್ಯೂಜೋದಿಂದ ಡೀಸೆಲ್ ಎಂಜಿನ್ ಮಾಡೋ ಲೈಸೆನ್ಸ್ ಪಡೆಯಿತು. ಡೀಸೆಲ್ ಜೀಪ್ ಅಗ್ಗವಾಗಿ ಓಡ್ತು, ಓಡಿದ್ದರಿಂದ ಸರ್ಕಾರಿ ಗಾಡಿ ಹೋಗಿ ಬಾಡಿಗೆ ಗಾಡಿ ಆಯ್ತು. 1991ರಲ್ಲಿ ಕಮಾಂಡರ್ ಬಂತು. ಟೆಂಪೋ ಟ್ರ್ಯಾಕ್ಸ್ ಜೊತೆ ಅದು ನಮ್ಮ ಹಳ್ಳಿಗಳ ಬಸ್ ಆಯ್ತು. ಗಡಿಯಾಚೆ ಕೊಲ್ಹಾಪುರ-ಸಾಂಗ್ಲಿ ಕಡೆ ಇದಕ್ಕೆ ವಡಾಪ ಅಂತಾರೆ. ಬಸ್ಸಿಲ್ಲದ ಊರಿಗೆ, ಸಂತೆಗೆ, ಯಡೂರ ವೀರಭದ್ರನ ಜಾತ್ರೆಗೆ, ಮಿರಜಿನ ಆಸ್ಪತ್ರೆಗೆ. ಒಳಗೆ ಎಷ್ಟು ಜನ, ಹಿಂದೆ ಫೂಟ್‌ಬೋರ್ಡಿನ ಮೇಲೆ ಎಷ್ಟು ಜನ ಅನ್ನೋ ಲೆಕ್ಕ ಬಿಟ್ಟುಬಿಡಿ.

ಆ ಜೀಪುಗಳು ಮದುಮಗಳ ಹಂಗೆ ಸಿಂಗಾರ ಆಗ್ತಿದ್ದವು. ಬಂಪರ್ ಮೇಲೆ ಹಳದಿ ಲೈಟು, ಮೇಲ್ಗಡೆ ಸಾಲು ಬಲ್ಬು, ಮ್ಯೂಸಿಕ್ ಹಾರ್ನು, ಕ್ಯಾಸೆಟ್ ಪ್ಲೇಯರ್, ಡ್ಯಾಶ್‌ಬೋರ್ಡಿನ ದೇವರ ಫೋಟೋಕ್ಕೆ ಮಿಣುಕು ದೀಪ. ಪ್ರತಿಯೊಂದಕ್ಕೂ ಹತ್ತಿರ ಸಿಕ್ಕ ವಾಯರ್ ಸುಲಿದು, ತಿರುಚಿ, ಟೇಪ್ ಸುತ್ತೋದು. ಫ್ಯೂಜ್ ಹಾರಿದರೆ ಸಿಗರೇಟ್ ಪಾಕೀಟಿನ ಬೇಗಡೆ ಸುತ್ತಿ ಮತ್ತೆ ಹಾಕೋದು. ಫ್ಯೂಜ್ ಯಾಕೆ ಹಾರ್ತು ಅಂತ ಕೇಳೋ ವ್ಯವಧಾನ ಯಾರಿಗಿತ್ತು? ಬೇಗಡೆ ಹಾಕಿದ ಜಾಗದಲ್ಲಿ ಫ್ಯೂಜ್ ಸುಡೋದಿಲ್ಲ, ವಾಯರ್ ಸುಡುತ್ತೆ.

ಹೈ-ಡಿಪ್ ಮಾಡೋ ಸ್ವಿಚ್ಚು ಹಳೇ ಜೀಪುಗಳಲ್ಲಿ ಎಡಗಾಲಿನ ಕೆಳಗೆ, ನೆಲದ ಮೇಲೆ. ಕ್ಲಚ್ ಬಿಟ್ಟ ಕಾಲಲ್ಲೇ ಒತ್ತೋದು. ಅಮೆರಿಕದಲ್ಲಿ ಬೂಟಿನ ಕಾಲು ಅದನ್ನ ಒತ್ತಿರಬಹುದು. ಇಲ್ಲಿ ಹೊಲದಿಂದ ಬಂದ ಕಾಲು, ಚಪ್ಪಲಿಗೆ ಅಂಟಿದ ಎರೆ ಮಣ್ಣು. ಮಳೆಗಾಲ ಮುಗಿಯೋದ್ರೊಳಗೆ ಆ ಸ್ವಿಚ್ಚಿನ ಒಳಗೆ ಒಂದು ಮಡಿ ಮಾಡಬಹುದು. ಹೈ ಇದೆ, ಡಿಪ್ ಇಲ್ಲ, ಅಥವಾ ಎರಡೂ ನಡುವೆ ಸಿಕ್ಕು ಪೂರ್ತಿ ಕತ್ತಲು. ಎದುರಿನಿಂದ ಗಾಡಿ ಬಂದಾಗ ಡಿಪ್ ಮಾಡೋಕೆ ಹೋಗಿ ತಾನೇ ಕುರುಡಾಗೋದು ಅಂದ್ರೆ ಇದೇ.

ಇದರ ಮೇಲೆ ಹೊಳೆ ಬೇರೆ. 2005, 2019, 2021ರಲ್ಲಿ ಕೃಷ್ಣೆ ಉಕ್ಕಿದ್ದು ನಿಮಗೆ ನೆನಪಿದೆ. ಕಲ್ಲೋಳ-ಯಡೂರ ಬಾಂದಾರದಂತೂ ಜೋರು ಮಳೆ ಬಂದರೆ ಸಾಕು, ನೀರೊಳಗೆ ಹೋಗುತ್ತೆ. ನೆರೆಯ ಊರಿಂದ ಜನ, ಕರು, ಕಾಳಿನ ಚೀಲ ಸಾಗಿಸೋಕೆ ಎತ್ತರದ ಜೀಪೇ ಆಸರೆ. ಬಾನೆಟ್ ಮಟ್ಟ ನೀರಲ್ಲಿ ನಡೆದ ಗಾಡಿ ಆಮೇಲೆ ಒಣಗಿ ಶುರುವೂ ಆಗುತ್ತೆ, ದೀಪವೂ ಹತ್ತುತ್ತೆ. ತಾಮ್ರದ ಎಳೆಗಳ ನಡುವೆ ಹೀರಿಕೊಂಡ ರಾಡಿ ನೀರು ಮಾತ್ರ ಪ್ಲಾಸ್ಟಿಕ್ ಕವಚದ ಒಳಗೇ ಉಳಿದಿರುತ್ತೆ. ಆರು ತಿಂಗಳ ಮೇಲೆ, ಕಬ್ಬಿನ ಹಂಗಾಮದಲ್ಲಿ, ವಾಯರ್ ಹೊರಗೆ ಹೊಸದರಂತೆ, ಒಳಗೆ ಹಸಿರು ಪುಡಿ. ನೆರೆ ಪರಿಹಾರದ ಸಮೀಕ್ಷೆಯಲ್ಲಿ ಮನೆ ಬಿದ್ದದ್ದು ಬರ್ಕೊಳ್ತಾರೆ, ಬೆಳೆ ಹೋದದ್ದು ಬರ್ಕೊಳ್ತಾರೆ. ಈ ಹಸಿರು ಪುಡಿಯನ್ನ ಯಾರೂ ಬರ್ಕೊಳ್ಳೋದಿಲ್ಲ.

ಈಗ ಹೇಳ್ತೀನಿ ಅಂದಿದ್ದ ಹಿಂದಿನ ದೀಪ.

ನಮ್ಮ ಕಾಕಾನ ಹತ್ತಿರ 1980ರ ದಶಕದ ಒಂದು ಜೀಪ್ ಇದೆ. ಹಿಂದಿನ ಬಲಗಡೆ ದೀಪದ ಬಗ್ಗೆ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ರಾತ್ರಿ ಪಾರ್ಕಿಂಗ್ ಹಾಕಿದರೆ ಕೆಂಪಗೆ ಉರೀತಿತ್ತು. ಒಂದು ರಾತ್ರಿ ಅಂಕಲಿ-ಮಾಂಜರಿ ಸೇತುವೆ ದಾಟಿ ಬರುವಾಗ ಹಿಂದೆ ಬೈಕ್ ಮೇಲಿದ್ದ ನಮ್ಮ ತಮ್ಮ ಮನೆಗೆ ಬಂದು ಹೇಳಿದ: ‘ಕಾಕಾ, ನೀವು ಬ್ರೇಕ್ ಹಾಕಿದ್ರ ಬಲಗಡಿ ದೀಪ ಆರತೈತ್ರಿ.’ ಬ್ರೇಕ್ ಹಾಕಿದರೆ ಹೆಚ್ಚು ಉರಿಯಬೇಕು, ಆರೋದು ಹೆಂಗ? ಕಾಕಾ ನಂಬಲಿಲ್ಲ. ಹಗಲು ನಿಲ್ಲಿಸಿ ಬ್ರೇಕ್ ಒತ್ತಿಸಿ ನೋಡಿದರೆ ಸಣ್ಣಗೆ ಮಿಣುಕ್ತಿತ್ತು, ಅಷ್ಟೇ. ಬಲ್ಬ್ ಬದಲಿಸಿದರು, ಹಂಗೇ. ಬ್ರೇಕ್ ಸ್ವಿಚ್ಚು ಬದಲಿಸಿದರು, ಹಂಗೇ.

ಕೊನೆಗೆ ಚಿಕ್ಕೋಡಿಯಲ್ಲಿ ನಮಗೆ ಪರಿಚಯದ ಹಿರಿಯ ಆಟೋ ಇಲೆಕ್ಟ್ರಿಶಿಯನ್ ಒಬ್ಬರ ಹತ್ತಿರ ಒಯ್ದೆವು. ನಾವೆಲ್ಲ ಅವರನ್ನ ಚಾಚಾ ಅಂತೀವಿ. ಅವರು ಮೀಟರ್ ಕೂಡ ತೆಗೀಲಿಲ್ಲ. ‘ಪಾರ್ಕಿಂಗ್ ಹಾಕ್ರಿ, ಈಗ ಬ್ರೇಕ್ ಒತ್ರಿ’ ಅಂದರು. ಆರ್ತು. ‘ತಮ್ಮಾ, ಇದರ ಹಾದಿ ಬಂದ್ ಆಗೈತಿ, ಮಂದಿ ಮನಿಯಾಗ ಹಾದು ಬರಾಕತ್ತೈತಿ’ ಅಂದರು.

ನಾನು ಮನೆಗೆ ಬಂದು ಹಾಳೆ ಮೇಲೆ ಬರೆದು ನೋಡಿದ ಮೇಲೆ ಆ ಮಾತು ಪೂರ್ತಿ ತಿಳಿದದ್ದು. ಹಿಂದಿನ ಬಲ್ಬಿನೊಳಗೆ ಎರಡು ತಂತಿ ಇರ್ತವೆ. 5 ವ್ಯಾಟಿನದು ಪಾರ್ಕಿಂಗ್‌ಗೆ, 21 ವ್ಯಾಟಿನದು ಬ್ರೇಕಿಗೆ. ಎರಡಕ್ಕೂ ಹೊಳ್ಳಿ ಹೋಗೋ ಹಾದಿ ಒಂದೇ, ಹೋಲ್ಡರಿನ ಮೈ, ಅಲ್ಲಿಂದ ಬಾಡಿ ಅರ್ಥ್. ಆ ಅರ್ಥ್ ತುಕ್ಕು ಹಿಡಿದು ಕಡಿದಿದೆ ಅನ್ನಿ. ಪಾರ್ಕಿಂಗ್ ಹಾಕಿದಾಗ ಕರೆಂಟ್ 5 ವ್ಯಾಟಿನ ತಂತಿಯೊಳಗೆ ಬರುತ್ತೆ, ಹೊಳ್ಳಿ ಹೋಗೋಕೆ ಹಾದಿ ಇಲ್ಲ. ಆಗ ಪಕ್ಕದ 21 ವ್ಯಾಟಿನ ತಂತಿಯೊಳಗೆ ಉಲ್ಟಾ ನುಗ್ಗಿ, ಬ್ರೇಕಿನ ವಾಯರ್ ಹಿಡಿದು, ಆ ಕಡೆಯ ಎಡಗಡೆ ಬಲ್ಬಿನ ಬ್ರೇಕ್ ತಂತಿ ದಾಟಿ, ಅಲ್ಲಿನ ಒಳ್ಳೇ ಅರ್ಥ್ ಸೇರುತ್ತೆ. 21 ವ್ಯಾಟಿನ ತಂತಿಯ ತಡೆ ಕಡಿಮೆ, ಹಂಗಾಗಿ 5 ವ್ಯಾಟಿನದಕ್ಕೆ ಬಹುತೇಕ ಪೂರ್ತಿ ವೋಲ್ಟೇಜ್ ಸಿಕ್ಕುತ್ತೆ. ನೋಡೋರಿಗೆ ದೀಪ ಸರಿಯಾಗೇ ಇದೆ. ಈಗ ಬ್ರೇಕ್ ಒತ್ತಿ. ಬ್ರೇಕಿನ ವಾಯರಿಗೂ 12 ವೋಲ್ಟ್ ಬಂತು. ಬಲ್ಬಿನ ಎರಡೂ ಕಡೆ 12. ಎರಡೂ ದಂಡೆಯಲ್ಲಿ ನೀರಿನ ಮಟ್ಟ ಒಂದೇ ಆದರೆ ಕಾಲುವೆ ಹರಿಯುತ್ತಾ? ಕರೆಂಟ್ ನಿಂತಿತು, ದೀಪ ಆರಿತು.

ಇದರ ಭಯಾನಕತನ ನೋಡಿ. ಉಳಿದ ಹೊತ್ತೆಲ್ಲ ಉರಿಯೋ ದೀಪ, ಹಿಂದಿನವನಿಗೆ ಅತ್ಯಂತ ಬೇಕಾದ ಆ ಎರಡು ಸೆಕೆಂಡಿನಲ್ಲಿ ಮಾತ್ರ ಆರುತ್ತೆ. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಇದು ಯಾವತ್ತೂ ಕಾಣೋದಿಲ್ಲ. ಹಗಲು ಬ್ರೇಕ್ ಮಾತ್ರ ಒತ್ತಿ ನೋಡಿದರೂ ಸಣ್ಣ ಬೆಳಕು ಕಾಣುತ್ತೆ, ಬಲ್ಬ್ ಹಳೇದು ಅಂದುಕೊಂಡು ಸುಮ್ಮನಾಗ್ತೀವಿ. ಪಾರ್ಕಿಂಗ್ ಮತ್ತು ಬ್ರೇಕ್ ಎರಡನ್ನೂ ಒಟ್ಟಿಗೆ ಹಚ್ಚಿ, ಹಿಂದೆ ಒಬ್ಬರು ನಿಂತು ನೋಡಿದರೆ ಮಾತ್ರ ಸಿಕ್ಕಿಬೀಳುತ್ತೆ. ಯುದ್ಧದ ಜೀಪಿನವರು ಚುಕ್ಕಿ ಎಣಿಸಿ ಅಂತರ ತಿಳಿಸ್ತಿದ್ದ ದೀಪ ಇಲ್ಲಿ ‘ನಾನು ಇಲ್ಲ’ ಅಂತ ಸುಳ್ಳು ಹೇಳುತ್ತೆ.

ರಿಪೇರಿ ಎಷ್ಟು ದೊಡ್ಡದು ಅಂತೀರಾ? ಚಾಚಾ ದೀಪ ಬಿಚ್ಚಿ, ಬೋಲ್ಟ್ ಕೂರೋ ಜಾಗವನ್ನ ಪಾಲಿಶ್ ಪೇಪರಿನಿಂದ ಲೋಹ ಹೊಳೆಯೋ ತನಕ ತಿಕ್ಕಿದರು. ಒಂದು ಕಪ್ಪು ವಾಯರಿಗೆ ಥಿಂಬಲ್ ಒತ್ತಿ, ಎರಡೂ ದೀಪದ ಮೈಯಿಂದ ಚಾಸಿಗೆ ಬೇರೆಯಾಗಿ ಎಳೆದರು. ಮೇಲೆ ಗ್ರೀಸ್ ಹಚ್ಚಿದರು. ಚಹಾ ಬರೋದ್ರೊಳಗೆ ಮುಗೀತು. ದುಡ್ಡು ಕೇಳಿದ್ದು ವಾಯರಿಂದು ಮಾತ್ರ.

ಈಗಿನ ಜೀಪಿನವರು ಮಾಡೋ ಒಂದು ಕೆಲಸದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಬೆಳಕು ಮಂಕಾಯ್ತು ಅಂತ 60 ವ್ಯಾಟಿನ ಬಲ್ಬ್ ತೆಗೆದು 100 ವ್ಯಾಟಿನದು ಹಾಕ್ತಾರೆ. ಎರಡು ಸೇರಿ 10 ಆಂಪಿಯರ್ ಇದ್ದದ್ದು ಸುಮಾರು 17 ಆಗುತ್ತೆ. ನಲವತ್ತು ವರ್ಷದ ಸ್ವಿಚ್ಚು, ಅದೇ ದಲಾಲಿಗಳು. ದಲಾಲಿ ಪ್ರತಿಶತದ ಲೆಕ್ಕದಲ್ಲಿ ಇರೋದ್ರಿಂದ ವ್ಯಾಪಾರ ಹೆಚ್ಚಾದಷ್ಟು ಅವರ ಪಾಲೂ ಹೆಚ್ಚು. ಬೆಳಕು ಅಷ್ಟೇನೂ ಏರೋದಿಲ್ಲ, ಸ್ವಿಚ್ಚು ಬಿಸಿಯಾಗಿ ಪ್ಲಾಸ್ಟಿಕ್ ವಾಸನೆ ಬರುತ್ತೆ. ಅದರ ಬದಲು ರಿಲೇ ಹಾಕಿಸಿ, ಬ್ಯಾಟರಿಯಿಂದ ದಪ್ಪ ವಾಯರ್ ನೇರ ದೀಪಕ್ಕೆ ಒಯ್ದರೆ ಹಳೇ 60 ವ್ಯಾಟಿನ ಬಲ್ಬೇ ಹೊಸದಾಗಿ ಕಾಣುತ್ತೆ. ಕಣ್ಣು ಕುಕ್ಕೋ ಬಿಳಿ ಎಲ್‌ಇಡಿ ಹಾಕಿಕೊಂಡು ಎದುರಿನವರನ್ನ ಕುರುಡು ಮಾಡೋರ ಬಗ್ಗೆ ಇನ್ನೊಂದು ಸಂಚಿಕೆಯನ್ನೇ ಮಾಡಬೇಕು. ಹಿಂದೆಲ್ಲ ಹೆಡ್‌ಲೈಟಿನ ಗಾಜಿಗೆ ಕರಿ ಬೊಟ್ಟು ಹಚ್ಚಿಸ್ತಿದ್ದರು. ದೃಷ್ಟಿ ಬೊಟ್ಟು ಅಂತ ಚಿಕ್ಕವರಿದ್ದಾಗ ನಾವು ತಿಳಿದಿದ್ದೆವು, ಅದು ಎದುರಿನವನ ಕಣ್ಣಿಗಾಗಿ ಇತ್ತು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೂರ್ಯ ಮುಳುಗಿದ ಅರ್ಧ ಗಂಟೆಯ ಮೇಲೆ ರಸ್ತೆಯಲ್ಲಿರೋ ಗಾಡಿಗೆ ಮುಂದೆ ಬೆಳಕು, ಹಿಂದೆ ಕೆಂಪು ದೀಪ ಇರಲೇಬೇಕು. ಟ್ರೇಲರ್‌ಗೂ ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಬೇಕು. ನಮ್ಮ ಕಡೆ ಎಷ್ಟೋ ಟ್ರೇಲರ್‌ಗಳಲ್ಲಿ ಕಬ್ಬಿನ ತುದಿಗಳು ಜೋತಾಡಿ ಇದ್ದ ರಿಫ್ಲೆಕ್ಟರನ್ನೂ ಮುಚ್ಚಿರ್ತವೆ. ಟ್ರೇಲರಿನ ದೀಪ ಹತ್ತದಿದ್ದರೆ ಅಲ್ಲೂ ಮೊದಲು ನೋಡಬೇಕಾದದ್ದು ಅರ್ಥಿಂಗೇ. ಕೊಂಡಿಯ ಗೂಟದ ಮೂಲಕ ಅರ್ಥ್ ಸಿಗುತ್ತೆ ಅಂತ ನಂಬಿ ಬೇರೆ ವಾಯರ್ ಎಳೆದಿರೋದಿಲ್ಲ. ಆ ಗೂಟಕ್ಕೆ ಗ್ರೀಸು, ಮಣ್ಣು, ಅಲುಗಾಟ.

ಈ ಸಂಚಿಕೆ ಕೇಳಿದ, ಓದಿದ ಜೀಪಿನವರು ಇವತ್ತು ಸಂಜೆ ಗಾಡಿಯನ್ನ ಯಾವುದಾದರೂ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಪಾರ್ಕಿಂಗ್ ಹಾಕಿ, ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಗೋಡೆ ನೋಡಿ. ಎರಡೂ ಕಡೆ ಕೆಂಪು ಏರಬೇಕು. ಅಷ್ಟೇ ಪರೀಕ್ಷೆ. ಹಾಗೇ, ನಿಮ್ಮ ಅಜ್ಜನ ಟ್ರಂಕಿನಲ್ಲಿ, ಹಳೇ ಗ್ಯಾರೇಜಿನ ಗೋಡೆಯ ಮೇಲೆ 6 ವೋಲ್ಟಿನ ಜೀಪಿನ ವಾಯರಿಂಗ್ ನಕ್ಷೆ ಇದ್ದರೆ ಒಂದು ಫೋಟೋ ಕಳಿಸಿ. ಗೆದ್ದಲು ತಿಂದಿದ್ದರೂ ನಡೆಯುತ್ತೆ. ಮುಂದಿನ ವಾರ ಕುಡಚಿ ರೈಲು ನಿಲ್ದಾಣದ ಕಥೆಯೊಂದಿಗೆ ಬರ್ತೀನಿ.